ನಮಗೆ ಆನ್‌ಸೈಟ್, ಅವರಿಗೆ ಸಾಲ

ನಾವು ಆನ್‌ಸೈಟ್ ಹೋದ್ರೆ ವೀಸಾ, ಟಿಕೆಟ್ ಎಲ್ಲ ಕಂಪನಿಯದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಐಟಿಐ ಹುಡುಗ ಕೆಲಸ ಕಲಿಯಲು ಜಪಾನಿಗೆ ಹೊರಟರೆ ಮಾತ್ರ ಅಪ್ಪ ಹೊಲ ಒತ್ತಿ ಹಾಕಬೇಕಾ?

ಜಪಾನಿನ ಜೊತೆ ನಮ್ಮ ತಾಂತ್ರಿಕ ಇಂಟರ್ನ್ ಒಪ್ಪಂದ ಆಗಿದ್ದು 2017ರಲ್ಲಿ. ಆ ಪದ್ಧತಿಯಲ್ಲಿ ಸಾಮಾನ್ಯವಾಗಿ ಕಂಪನಿ ಬದಲಿಸುವಂತಿಲ್ಲ. ವಿಯೆಟ್ನಾಂನ ಎಷ್ಟೋ ಹುಡುಗರು ಏಜೆಂಟರಿಗೆ ಸಾಲ ಮಾಡಿ ಕೊಟ್ಟೇ ಅಲ್ಲಿಗೆ ಹೋದರು. ಸಾಲ ತೀರೋತನಕ ಬಾಯಿ ಮುಚ್ಚಿಕೊಂಡಿರೋದಕ್ಕೆ ತರಬೇತಿ ಅಂತೀರಾ? 2024ರಲ್ಲಿ ಜಪಾನ್ ಸಂಸತ್ತೇ ಅದನ್ನು ಬದಲಿಸುವ ಕಾನೂನು ಮಾಡಿತು.

ಹೋಗಬೇಡಿ ಅಂತಿಲ್ಲ. ಕೂಡಗಿಯ ವಿದ್ಯುತ್ ಸ್ಥಾವರವೊಂದೇ ಎಲ್ಲರಿಗೂ ಕೆಲಸ ಕಲಿಸಲಾರದು. ಆದರೆ ಖರ್ಚು ದುಡಿಸಿಕೊಳ್ಳುವವರೇ ಕೊಡಲಿ.

ಊರಿಗೆ ಹೋದಾಗ ಯಾರಾದರೂ “ಮಗನ್ನ ಹೊರದೇಶಕ್ಕ ಕಳಸ್ಲೇನೊ ತಮ್ಮಾ?” ಅಂದರೆ, ಮೊದಲು ಕೇಳಿ: “ಕಾಕಾ, ಖರ್ಚ ಯಾರ್ದು?”