ಯಕೃತ್ತು ಹೊಸದು, ಶತ್ರು ಹಳೆಯದು

1967ರ ಜುಲೈ ತಿಂಗಳು. ಅಮೆರಿಕದ ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜ್ಲ್ ಒಂದೂವರೆ ವರ್ಷ ದಾಟಿದ ಹೆಣ್ಣುಮಗುವೊಂದಕ್ಕೆ ಯಕೃತ್ತಿನ ಕಸಿ ಮಾಡಿದರು. 1963ರಲ್ಲಿ ಅವರು ಮಾಡಿದ್ದ ಮೊಟ್ಟಮೊದಲ ಕಸಿಯಲ್ಲಿ ಮಗು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ರಕ್ತಸ್ರಾವದಿಂದ ಅಸುನೀಗಿತ್ತು. ಈ ಬಾರಿ ಹಾಗಾಗಲಿಲ್ಲ. ಹೊಸ ಯಕೃತ್ತು ಕೆಲಸ ಮಾಡಿತು, ಮಗು ಒಂದು ವರ್ಷಕ್ಕೂ ಮಿಕ್ಕಿ ಬದುಕಿತು. ವೈದ್ಯಕೀಯ ಇತಿಹಾಸದಲ್ಲಿ ಇದು ಮೊದಲ ಯಶಸ್ಸೆಂದು ದಾಖಲಾಗಿದೆ. ಆದರೆ ಆ ಮಗು ಕೊನೆಗೆ ತೀರಿಕೊಂಡದ್ದು ಹೊಸ ಯಕೃತ್ತು ಕೈಕೊಟ್ಟಿದ್ದರಿಂದಲ್ಲ. ಹಳೆಯ ಯಕೃತ್ತಿನಲ್ಲಿದ್ದ ಕ್ಯಾನ್ಸರ್ ಮರಳಿ ಬಂದಿತ್ತು.

ಕೆಟ್ಟ ಅಂಗವನ್ನು ತೆಗೆದು ಒಳ್ಳೆಯದನ್ನು ಇಟ್ಟ ಮೇಲೂ ರೋಗ ಮರುಕಳಿಸುವುದೇಕೆ?

ರೋಗ ಯಕೃತ್ತಿನಲ್ಲಿ ಮಾತ್ರ ಇರುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು ರಕ್ತದಲ್ಲಿ ಸಂಚರಿಸುತ್ತವೆ. ಹತ್ತಾರು ವರ್ಷ ಸದ್ದಿಲ್ಲದೆ ಯಕೃತ್ತನ್ನು ಹಾಳುಗೆಡವಿ ಸಿರೋಸಿಸ್ ತರುತ್ತವೆ, ಅನೇಕರಲ್ಲಿ ಅದು ಕ್ಯಾನ್ಸರಿಗೆ ದಾರಿಯಾಗುತ್ತದೆ. ಕ್ಯಾನ್ಸರ್ ಜೀವಕೋಶಗಳೂ ಗಡ್ಡೆಯಿಂದ ಕಳಚಿಕೊಂಡು, ಯಾವ ಸ್ಕ್ಯಾನಿಗೂ ಕಾಣದಂತೆ ದೇಹದ ಬೇರೆಡೆ ಸೇರಿರಬಹುದು. ಸಾಲದೆಂಬಂತೆ, ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಗಳನ್ನು ಕೊಡಬೇಕಾಗುತ್ತದೆ. ಹೊಸಬನನ್ನು ಒಳಗೆ ಬಿಡಲೆಂದು ಕಾವಲುಗಾರನನ್ನು ಮಲಗಿಸಿದರೆ ಹಳೆಯ ಕಳ್ಳನಿಗೂ ಅನುಕೂಲವೇ!

ಮಿಲಾನ್ ಅಳತೆ

ಆರಂಭದ ದಶಕಗಳಲ್ಲಿ ದೊಡ್ಡ ಗಡ್ಡೆಗಳಿದ್ದವರಿಗೂ ಕಸಿ ಮಾಡಲಾಯಿತು. ಬಹಳಷ್ಟು ಮಂದಿಯಲ್ಲಿ ಕ್ಯಾನ್ಸರ್ ಮರಳಿತು. ಹೀಗಾಗಿ ಕ್ಯಾನ್ಸರ್ ರೋಗಿಗಳೆಂದರೆ ಶಸ್ತ್ರವೈದ್ಯರು ಹಿಂದೇಟು ಹಾಕತೊಡಗಿದರು. ಆಗ ದಾರಿ ತೋರಿಸಿದವರು ಇಟಲಿಯ ಮಿಲಾನ್ ನಗರದ ಡಾ. ವಿನ್ಚೆನ್ಜೊ ಮಜ್ಜಾಫೆರ್ರೊ ಮತ್ತು ಸಂಗಡಿಗರು. ಗಡ್ಡೆ ಒಂದೇ ಇದ್ದರೆ 5 ಸೆಂಟಿಮೀಟರ್ ಮೀರಬಾರದು. ಎರಡು ಅಥವಾ ಮೂರಿದ್ದರೆ ಒಂದೊಂದೂ 3 ಸೆಂಟಿಮೀಟರ್ ಒಳಗಿರಬೇಕು. ರಕ್ತನಾಳಕ್ಕಾಗಲಿ ಬೇರೆ ಅಂಗಕ್ಕಾಗಲಿ ಹರಡಿರಬಾರದು. ಈ ಅಳತೆಗೆ ಒಳಪಟ್ಟ 48 ರೋಗಿಗಳ ಫಲಿತಾಂಶವನ್ನು ಅವರು 1996ರಲ್ಲಿ ಪ್ರಕಟಿಸಿದರು. ನಾಲ್ಕು ವರ್ಷಗಳ ಬದುಕುಳಿವಿನ ಪ್ರಮಾಣ ಶೇ 75.

ಇದು ನಿರ್ದಯ ಲೆಕ್ಕ ಎನಿಸಬಹುದು. 4 ಸೆಂಟಿಮೀಟರ್ ಗಡ್ಡೆಯವನಿಗೆ ಬಾಗಿಲು ತೆರೆದು, 7 ಸೆಂಟಿಮೀಟರಿನವನಿಗೆ ಮುಚ್ಚುವುದು ಯಾವ ನ್ಯಾಯ? ಆದರೆ ದಾನವಾಗಿ ಬರುವ ಯಕೃತ್ತುಗಳು ಕಡಿಮೆ, ಕಾಯುವವರು ಹೆಚ್ಚು. ಅಳತೆ ಮೀರಿದವರ ಗಡ್ಡೆಗೆ ರಕ್ತ ಒದಗಿಸುವ ನಾಳವನ್ನು ಮುಚ್ಚಿಯೋ, ಗಡ್ಡೆಯನ್ನು ಶಾಖದಿಂದ ಸುಟ್ಟೋ ಕುಗ್ಗಿಸಿ, ಕೆಲಕಾಲ ಕಾದು ನೋಡಿ ಕಸಿಗೆ ಪರಿಗಣಿಸುವ ಕ್ರಮವೂ ಈಗ ಇದೆ. ಅಳತೆಯೊಳಗಿದ್ದವರಲ್ಲೂ ಕೆಲವರಿಗೆ ಕ್ಯಾನ್ಸರ್ ಮರಳುವುದುಂಟು. ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲಿ ಹೀಗಾಗುವುದರಿಂದ ಸ್ಕ್ಯಾನ್, ರಕ್ತಪರೀಕ್ಷೆಗಳನ್ನು ತಪ್ಪಿಸುವಂತಿಲ್ಲ.

ಒಂದಕ್ಕೆ ಬೇಲಿ, ಇನ್ನೊಂದಕ್ಕೆ ಗಡೀಪಾರು

ವೈರಸ್‌ಗಳ ಕತೆಯಲ್ಲಿ ಮಾತ್ರ ದೊಡ್ಡ ತಿರುವು ಬಂದಿದೆ. 1980ರ ದಶಕದಲ್ಲಿ ಹೆಪಟೈಟಿಸ್ ಬಿ ಇದ್ದವರಿಗೆ ಕಸಿ ಮಾಡಿದರೆ ಹೆಚ್ಚಿನವರಲ್ಲಿ ವೈರಸ್ ಹೊಸ ಯಕೃತ್ತನ್ನೂ ಹಿಡಿಯುತ್ತಿತ್ತು. ಮೊದಲು ಪ್ರತಿಕಾಯಗಳ ಚುಚ್ಚುಮದ್ದು, 1990ರ ದಶಕದ ಕೊನೆಯಲ್ಲಿ ಲ್ಯಾಮಿವುಡಿನ್, ಬಳಿಕ ಹೆಚ್ಚು ಪ್ರಬಲವಾದ ಎಂಟೆಕಾವಿರ್ ಮತ್ತು ಟೆನೊಫೊವಿರ್ ಬಂದು ಚಿತ್ರ ಬದಲಾಯಿತು. ಆದರೂ ಬಿ ವೈರಸ್ಸನ್ನು ದೇಹದಿಂದ ಪೂರ್ತಿ ಹೊರಹಾಕುವ ಔಷಧಿ ಇಲ್ಲ. ಮಾತ್ರೆಗಳು ಅದಕ್ಕೆ ಹಾಕಿದ ಬೇಲಿ ಮಾತ್ರ. ‘ಈಗ ಆರಾಮಾಗಿದ್ದೇನೆ’ ಎಂದು ತಾನಾಗಿ ಮಾತ್ರೆ ಬಿಟ್ಟವನು ಬೇಲಿಯನ್ನೇ ಕಿತ್ತಂತೆ.

1989ರಲ್ಲಿ ಪತ್ತೆಯಾದ ಸಿ ವೈರಸ್ಸಿನ ರೀತಿ ಬೇರೆ. ಕಸಿಯ ವೇಳೆ ಅದು ರಕ್ತದಲ್ಲಿದ್ದರೆ ಹೊಸ ಯಕೃತ್ತಿಗೆ ಸೋಂಕು ತಗಲುವುದು ಖಚಿತವೆನ್ನುವಂತಿತ್ತು. ಕೆಲವರಲ್ಲಿ ಐದೇ ವರ್ಷಗಳಲ್ಲಿ ಮತ್ತೆ ಸಿರೋಸಿಸ್ ಆಗುತ್ತಿತ್ತು. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಫೊಸ್ಬುವಿರ್ ಮತ್ತು ಅದರ ಜೊತೆಗಾರ ಔಷಧಿಗಳಿಂದ ಈಗ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಹೆಚ್ಚಿನವರು ಗುಣಮುಖರಾಗುತ್ತಾರೆ. ಕಸಿಗೆ ಮೊದಲೋ ಆಮೇಲೋ ಅದನ್ನು ಗಡೀಪಾರು ಮಾಡಬಹುದು.

ಮನೆಮಂದಿಯ ಪ್ರಶ್ನೆ

ಭಾರತದಲ್ಲಿ ಯಶಸ್ವಿ ಯಕೃತ್ತಿನ ಕಸಿ ಮೊದಲು ನಡೆದದ್ದು 1998ರಲ್ಲಿ, ದೆಹಲಿಯಲ್ಲಿ. ಅಂದು ಮಗುವಿಗೆ ಯಕೃತ್ತಿನ ಭಾಗ ಕೊಟ್ಟವರು ಅದರ ತಂದೆ. ಇಂದಿಗೂ ಇಲ್ಲಿನ ಕಸಿಗಳಲ್ಲಿ ಬಹುಪಾಲು ನಡೆಯುವುದು ಜೀವಂತ ದಾನಿಗಳಿಂದ. ಹೆಂಡತಿ, ಮಗ, ಮಗಳು, ತಮ್ಮ. ಆದ್ದರಿಂದ ‘ಕ್ಯಾನ್ಸರ್ ಮರಳೀತೇ’ ಎಂಬುದು ರೋಗಿಯೊಬ್ಬನ ಪ್ರಶ್ನೆಯಲ್ಲ. ಆರೋಗ್ಯವಂತನೊಬ್ಬ ಹೊಟ್ಟೆ ಕೊಯ್ಯಿಸಿಕೊಳ್ಳುವ ಮುನ್ನ ಮನೆಯವರೆಲ್ಲ ಕೂತು ವೈದ್ಯರನ್ನು ಬಿಚ್ಚುಮನಸ್ಸಿನಿಂದ ಕೇಳಬೇಕಾದ ಪ್ರಶ್ನೆ.

ಇನ್ನೊಂದು ಮಾತು. ಬಿ ವೈರಸ್ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ದಾಟುತ್ತದೆ. ತಾಯಿಗೆ ಯಕೃತ್ತು ಕೊಡಲು ಓಡಿಬಂದ ಮಗನಿಗೆ, ತನ್ನ ರಕ್ತದಲ್ಲೂ ಅದೇ ವೈರಸ್ ಇದೆಯೆಂಬುದು ದಾನಿಯ ತಪಾಸಣೆಯಲ್ಲೇ ತಿಳಿಯಬಹುದು. ಮನೆಯಲ್ಲಿ ಒಬ್ಬರಿಗೆ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾದ ದಿನವೇ ಉಳಿದವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕಿಲ್ಲದವರಿಗೆ ಲಸಿಕೆ ಇದೆ, ಇದ್ದವರಿಗೆ ಔಷಧಿ ಇದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಿಗದಿತ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಕಸಿಯ ದಿನದವರೆಗೆ ಕಾಯಬೇಕಾಗಿಲ್ಲ.