ಸೊಟ್ಟ ಹಳಿಯ ಮೇಲೆ ನೇರ ಗೆರೆ ಬಾರದು

ಮುಂಡಗೋಡದ ಟಿಬೆಟನ್ ಕಾಲೊನಿಯವರಿಗೆ ರತ್ನಗಂಬಳಿಯ ನಿಲುವು ಮಗ್ಗ ಗೊತ್ತು. ಅದರ ಎರಡು ಕಂಬ ಸಮಾಂತರವಾಗಿ ನಿಲ್ಲದಿದ್ದರೆ, ನೇಯುವವರ ಕೈ ಎಷ್ಟೇ ಪಳಗಿರಲಿ, ಕಂಬಳಿ ಸೊಟ್ಟ. ಮನೆಯಲ್ಲೇ ಸಿಎನ್‌ಸಿ, ಅಂದರೆ ಕಂಪ್ಯೂಟರಿನ ಆಣತಿಯಂತೆ ಮರ ಕೊರೆಯುವ ಯಂತ್ರ, ಕಟ್ಟಹೊರಟ ವಿದ್ಯಾರ್ಥಿಗಳಿಗೂ ಇದೇ ಕಟ್ಟಳೆ.

ಯಂತ್ರದ ತಲೆ ಓಡಾಡುವುದು ಎರಡು ಹಳಿಗಳ ಮೇಲೆ. ತುದಿಗಳಲ್ಲಷ್ಟೇ ಹಿಡಿದ ದುಂಡು ಸರಳು ಅಗ್ಗ, ನಿಜ. ಆದರೆ ಉದ್ದ ಇಮ್ಮಡಿಯಾದರೆ ಅದೇ ಭಾರಕ್ಕೆ ನಡುವಿನ ಬಾಗು 8 ಪಟ್ಟು! ಅರ್ಧ ಮೀಟರ್ ದಾಟುವ ಯಂತ್ರಕ್ಕೆ, ಉದ್ದಕ್ಕೂ ತಳಕ್ಕೆ ಬೋಲ್ಟ್ ಬಿಗಿಯುವ ಚೌಕ ಹಳಿಯೇ ಲೇಸು. 15 ಮಿ.ಮೀ. ಅಗಲದ್ದು ಮರದ ಕೆಲಸಕ್ಕೆ ಧಾರಾಳ. 25ರದ್ದೇ ಬೇಕೆಂದು ಹಟ ಹಿಡಿದರೆ ಅಪ್ಪನ ಕಿಸೆ ಹಗುರ, ಅಷ್ಟೆ.

ಪಾಲಕರೇ, ಉಳಿದ ದುಡ್ಡನ್ನು ತಳಕ್ಕೆ ಕೊಡಿ. ತಳ ಸೊಟ್ಟಗಿದ್ದರೆ ಬೋಲ್ಟ್ ಬಿಗಿದೊಡನೆ ಹಳಿಯೂ ಸೊಟ್ಟಗಾಗುತ್ತದೆ. ಪ್ಲೈವುಡ್ ಬೇಡ, ನಮ್ಮ ಕಡೆಯ ಮಳೆಗಾಲಕ್ಕೆ ಅದು ಉಬ್ಬೀತು. ವರ್ಕ್‌ಶಾಪಿನಲ್ಲಿ ಮೇಲ್ಮೈ ಮಟ್ಟ ಮಾಡಿಸಿದ ಲೋಹದ ಪಟ್ಟಿ ಸರಿ.

ಮೊದಲು ಒಂದು ಹಳಿಯನ್ನು ನೇರ ಅಂಚಿಗೆ ಒತ್ತಿ ಪೂರ್ತಿ ಬಿಗಿಯಿರಿ. ಎರಡನೆಯದರ ಬೋಲ್ಟ್‌ಗಳು ಸಡಿಲವಿರಲಿ. ಹಳಿಗಳ ಮೇಲೆ ಜಾರುವ ಬ್ಲಾಕುಗಳಿಗೆ ಅಡ್ಡಪಟ್ಟಿ ಕೂರಿಸಿ, ತುದಿಯಿಂದ ತುದಿಗೆ ನಿಧಾನವಾಗಿ ತಳ್ಳುತ್ತ, ಅದು ನಿಂತೆಡೆಯ ಬೋಲ್ಟನ್ನಷ್ಟೇ ಬಿಗಿಯುತ್ತ ಹೋಗಿ. ಮೊದಲನೆಯ ಹಳಿ ಎರಡನೆಯದಕ್ಕೆ ದಾರಿ ತೋರಿಸುತ್ತದೆ. ಎಲ್ಲಾದರೂ ಹಿಡಿದುಕೊಂಡರೆ ಸುತ್ತಿಗೆ ಮುಟ್ಟಬೇಡಿ. ಬೋಲ್ಟ್ ಸಡಿಲಿಸಿ ಮತ್ತೆ ತಳ್ಳಿ. ಬ್ಲಾಕನ್ನು ಹಳಿಯಿಂದ ತೆಗೆಯುವುದಿದ್ದರೆ ಜತೆಗೆ ಬಂದ ಪ್ಲಾಸ್ಟಿಕ್ ತುಂಡಿನ ಮೇಲೆ ಜಾರಿಸಿ. ಇಲ್ಲವಾದರೆ ಒಳಗಿನ ಉಕ್ಕಿನ ಗುಂಡುಗಳು ನೆಲದ ತುಂಬ!