ನಿಧಾನಕ್ಕೆ ಅಂಕ ಕಳೆಯುವ ಮುನ್ನ

ಬಾದನಹಟ್ಟಿಯ ಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಯ ಅವಲೋಕನಕ್ಕೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಊಟದ ನಂತರದ ಅವಧಿ, ಉರಿ ಸೆಕೆ. ಪ್ರಶಿಕ್ಷಣಾರ್ಥಿಯ ಪಾಠ ಯೋಜನೆ ಅಚ್ಚುಕಟ್ಟಾಗಿತ್ತು. ಆದರೆ ಮೂವರು ಮಕ್ಕಳು ಒಟ್ಟಿಗೆ ಉತ್ತರ ಹೇಳಿದಾಗ ಆಕೆ ತಡವರಿಸಿದರು. ಹಲಗೆಯ ಮೇಲೆ ವಾಕ್ಯವನ್ನು ಅರ್ಧಕ್ಕೆ ಬಿಟ್ಟು, ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರು. ನಾನು ನಮೂನೆಯಲ್ಲಿ ‘ಪೂರ್ವಸಿದ್ಧತೆ ಸಾಲದು, ಏಕಾಗ್ರತೆ ಇಲ್ಲ’ ಎಂದು ಬರೆದೆ.

ಕೆಲವು ದಿನಗಳ ನಂತರ ಆಕೆ ಬಂದು, ತಮಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಎಂದರು. “ಗೊತ್ತಿಲ್ಲ ಅಂತಲ್ಲ ಸರ್, ತಲೆಗೆ ಬರೋಕೆ ಹೊತ್ತು ಹಿಡೀತೈತಿ.”

ನಾನು ಓದಿ ತಿಳಿದದ್ದು ಇಷ್ಟು. ನರತಂತುಗಳ ಸುತ್ತ ಮಯಲಿನ್ ಎಂಬ ಹೊದಿಕೆಯಿದೆ. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ಹೊದಿಕೆಗೆ ಹಾನಿ ಮಾಡುತ್ತದೆ, ಸಂಕೇತಗಳು ತಡವಾಗುತ್ತವೆ. ಮಿದುಳೂ ಇತರರಿಗಿಂತ ಬೇಗ ಕುಗ್ಗುತ್ತದೆ. ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು 20ರಿಂದ 40ರ ವಯಸ್ಸಿನಲ್ಲಿ, ಅದರಲ್ಲೂ ಮಹಿಳೆಯರಲ್ಲಿ. ಅಂದರೆ ನಮ್ಮ ತರಗತಿಗಳಲ್ಲಿ ಕುಳಿತಿರುವವರ ವಯಸ್ಸಿನಲ್ಲಿ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಗ್ರಹಿಕೆಯ ವೇಗ, ಗಮನ, ಹೊಸದನ್ನು ನೆನಪಿಡುವ ಶಕ್ತಿ ಕುಂದುತ್ತವೆ. ಭಾಷೆ, ಗಳಿಸಿದ ಜ್ಞಾನ ಬಹುಮಟ್ಟಿಗೆ ಉಳಿದಿರುತ್ತವೆ. ಸೆಕೆಯಲ್ಲಿ ತೊಂದರೆ ತಾತ್ಕಾಲಿಕವಾಗಿ ಉಲ್ಬಣಿಸುತ್ತದೆ. ನಡಿಗೆ ಸರಿಯಿದ್ದವರಲ್ಲೂ ಇವೆಲ್ಲ ಇರಬಹುದು. ಹೊರಗೆ ಏನೂ ಕಾಣುವುದಿಲ್ಲ.

ಕಾಣದ್ದನ್ನು ನಾವು ಸೋಮಾರಿತನ ಎಂದು ಓದಿಕೊಳ್ಳುತ್ತೇವೆ. ಪ್ರಶ್ನಿಸುವ ಕೌಶಲ ಕಲಿಸುವಾಗ ಮೇರಿ ಬಡ್ ರೋ ಅವರ ಮಾತನ್ನು ಹೇಳುತ್ತೇವೆ: ಪ್ರಶ್ನೆ ಕೇಳಿದ ಮೇಲೆ 3 ಸೆಕೆಂಡಾದರೂ ಕಾಯಿರಿ, ಮಕ್ಕಳ ಉತ್ತರ ಉತ್ತಮಗೊಳ್ಳುತ್ತದೆ. ಮಕ್ಕಳಿಗೆ ಕೊಡಿ ಎನ್ನುವ ಆ 3 ಸೆಕೆಂಡನ್ನು ಪ್ರಶಿಕ್ಷಣಾರ್ಥಿಗೆ ನಾವು ಕೊಡುತ್ತಿದ್ದೇವೆಯೇ?

ಮಕ್ಕಳ ಕಲಿಕೆ ಬಲಿಯಾಗಬಾರದು ಎಂದು ಸಹೋದ್ಯೋಗಿಗಳು ಹೇಳಬಹುದು. ಒಪ್ಪುತ್ತೇನೆ. ಪಾಠದ ಗುಣಮಟ್ಟ ಇಳಿಸಿ ಎಂದು ನಾನು ಕೇಳುತ್ತಿಲ್ಲ. ಪಾಠವನ್ನು ಬೆಳಗಿನ ತಂಪಿನ ಅವಧಿಗೆ ಹಾಕಿ. ಸೂಚನೆಗಳನ್ನು ಓಡಾಡುತ್ತಾ ಹೇಳದೆ ಬರೆದು ಕೊಡಿ. ಹಲಗೆಗೆ ಬದಲು ಮೊದಲೇ ಸಿದ್ಧಪಡಿಸಿದ ಚಾರ್ಟ್ ಬಳಸಲು ಬಿಡಿ. ಪಾಠದ ಹಂತಗಳನ್ನು ಬರೆದ ಚೀಟಿ ಮೇಜಿನ ಮೇಲಿರಲಿ. ಎರಡು ಪಾಠಗಳ ನಡುವೆ ವಿಶ್ರಾಂತಿ ಇರಲಿ. ಇವಕ್ಕೆ ಖರ್ಚಿಲ್ಲ; ಮಕ್ಕಳಿಗೆ ನಷ್ಟವೂ ಇಲ್ಲ.

ಇದು ಔದಾರ್ಯದ ಮಾತೂ ಅಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸೇರಿದೆ. ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು ಶಿಕ್ಷಣ ಸಂಸ್ಥೆಗಳ ಹೊಣೆ ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಸೇವೆಯಲ್ಲಿದ್ದಾಗ ವೈಕಲ್ಯ ಬಂದ ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂಬುದು 20ನೇ ಸೆಕ್ಷನ್‌ನಲ್ಲಿದೆ. ನಾಳೆ ಶಿಕ್ಷಕಿಯಾಗಿ ರಕ್ಷಣೆ ಪಡೆಯುವವರನ್ನು ಇಂದು ತರಬೇತಿಯಲ್ಲೇ ನಾವು ಹೊರಗಿಡುವುದು ಸರಿಯೇ?

ಹಾಗೆಂದು ನಾವು ವೈದ್ಯರಾಗುವುದು ಬೇಡ; ಯಾರ ಕಾಯಿಲೆಯನ್ನೂ ಕೆದಕುವುದು ಬೇಡ. ಅವಲೋಕನ ನಮೂನೆಯಲ್ಲಿ ಕಂಡದ್ದನ್ನಷ್ಟೇ ಬರೆಯೋಣ: ‘ಎರಡನೇ ಪ್ರಶ್ನೆ ಪುನರಾವರ್ತನೆಯಾಯಿತು’. ಕಾರಣವನ್ನು ನಾವೇ ಊಹಿಸಿ ಬರೆಯದೆ, ಪಾಠದ ನಂತರದ ಚರ್ಚೆಯಲ್ಲಿ “ನಿಮಗೆ ಏನು ಅನುಕೂಲ ಬೇಕು?” ಎಂದು ಎಲ್ಲರನ್ನೂ ಕೇಳೋಣ. ಆ ದಿನ ನಾನು ಹಾಗೆ ಕೇಳಿದ್ದರೆ, ಆಕೆ ಕೆಲವು ದಿನ ಮುಂಚೆಯೇ ಹೇಳುತ್ತಿದ್ದರೇನೋ.